ಕನ್ನಡ ವಿಕಿಪೀಡಿಯಕ್ಕೆ ಕಾಯಿಲೆಯ ಬಗ್ಗೆ ಬರೆಯುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಕಾಯಿಲೆಯ ಬಗೆಗಿನ ಲೇಖನವನ್ನು ಯಾರೂ ಸುಮ್ನೆ ಹೊತ್ತು ಕಳೆಯಲು ಓದುವುದಿಲ್ಲ. ಮನೆಯಲ್ಲಿ ಯಾರಿಗೋ ಜ್ವರ ಬಂದಿರುತ್ತದೆ. ಡಾಕ್ಟರು ಒಂದು ಹೆಸರು ಹೇಳಿರುತ್ತಾರೆ, ಅದು ಅರ್ಧಂಬರ್ಧ ಅರ್ಥವಾಗಿರುತ್ತದೆ. ಲ್ಯಾಬ್ ರಿಪೋರ್ಟ್ ಕೈಯಲ್ಲಿರುತ್ತದೆ. ಆಗ ಮೊಬೈಲಿನಲ್ಲಿ ಕನ್ನಡದಲ್ಲೇ ಟೈಪ್ ಮಾಡಿ ಹುಡುಕುತ್ತಾರೆ. ಓದಿದ್ದನ್ನು ನಂಬುತ್ತಾರೆ, ನಂಬಿದ್ದನ್ನು ಮಾಡಿಯೂ ಬಿಡುತ್ತಾರೆ. ಸಿನಿಮಾ ಅಥವಾ ಊರಿನ ಬಗ್ಗೆ ಬರೆಯುವಾಗ ನಡೆದುಹೋಗುವ ಸಡಿಲಿಕೆ ಇಲ್ಲಿ ನಡೆಯುವುದಿಲ್ಲ.

ಕನ್ನಡ ವಿಕಿಪೀಡಿಯ ಶುರುವಾದದ್ದು 2003ರಲ್ಲಿ. ಇದರಲ್ಲಿ ಯಾರು ಬೇಕಾದರೂ ಬರೆಯಬಹುದು, ಬೇರೆಯವರು ಬರೆದದ್ದನ್ನು ತಿದ್ದಬಹುದು. ಕಾಯಿಲೆಯ ಬಗ್ಗೆ ಬರೆಯಲು ಡಾಕ್ಟರೇ ಆಗಿರಬೇಕೆಂದಿಲ್ಲ. ಒಳ್ಳೆಯ ಆಕರ ಹುಡುಕುವ ತಾಳ್ಮೆ ಮತ್ತು ತಿಳಿಯಾದ ಕನ್ನಡ ಇದ್ದರೆ ಮೇಷ್ಟ್ರು, ನರ್ಸ್, ಕಾಲೇಜು ವಿದ್ಯಾರ್ಥಿ ಯಾರಾದರೂ ಬರೆಯಬಹುದು. ಇಂಗ್ಲಿಷ್ ವಿಕಿಪೀಡಿಯದಲ್ಲಿ ಈ ಕೆಲಸಕ್ಕೆಂದೇ ಎರಡು ನಿಯಮಪುಟಗಳಿವೆ. ಒಂದು ಬರವಣಿಗೆಯ ಶೈಲಿಗೆ, ಇನ್ನೊಂದು ಆಕರಗಳ ಆಯ್ಕೆಗೆ. ಅವುಗಳ ತಿರುಳು ನಮಗೂ ಹೊಂದುತ್ತದೆ. ಆದರೆ ಕನ್ನಡದಲ್ಲಿ ಬರೆಯುವಾಗ ಎದುರಾಗುವ ತೊಡಕುಗಳು ಆ ಪುಟಗಳಲ್ಲಿಲ್ಲ. ಎರಡನ್ನೂ ಸೇರಿಸಿ ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಕಾಡಿನ ಉಣ್ಣೆ ಕಚ್ಚಿ ಬರುವ ವೈರಸ್ ಜ್ವರವಾದ ನಮ್ಮ ಮಲೆನಾಡಿನ ಮಂಗನ ಕಾಯಿಲೆಯನ್ನೇ ಉದ್ದಕ್ಕೂ ಇಟ್ಟುಕೊಳ್ಳೋಣ.

ಶುರು ಮಾಡುವ ಮೊದಲು ಎರಡು ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಎದುರಿಗೆ ಅಂಟಿಸಿಕೊಳ್ಳಿ. ಇದನ್ನು ಯಾರು, ಯಾವ ವರ್ಷ ಹೇಳಿದರು? ಇದನ್ನು ಓದಿದವರು ಎದ್ದುಹೋಗಿ ಏನು ಮಾಡುತ್ತಾರೆ? ಎರಡಕ್ಕೂ ಉತ್ತರ ಇಲ್ಲದ ವಾಕ್ಯ ಪುಟಕ್ಕೆ ಹೋಗಬಾರದು. ಮುಂದೆ ಹೇಳುವುದೆಲ್ಲ ಈ ಎರಡು ಪ್ರಶ್ನೆಗಳ ವಿಸ್ತಾರವೇ.

ಹೆಜ್ಜೆ 1: ವಿಷಯ ಆರಿಸಿ, ಈಗಾಗಲೇ ಏನಿದೆ ನೋಡಿ

ಹೊಸ ಪುಟ ತೆರೆಯುವ ಮೊದಲು ಆ ಕಾಯಿಲೆಯನ್ನು ಅದರ ಎಲ್ಲ ಹೆಸರುಗಳಲ್ಲೂ ಹುಡುಕಿ. ಸಕ್ಕರೆ ಕಾಯಿಲೆ, ಮಧುಮೇಹ, ಡಯಾಬಿಟಿಸ್. ಲಕ್ವ, ಪಾರ್ಶ್ವವಾಯು, ಸ್ಟ್ರೋಕ್. ಒಂದೇ ಕಾಯಿಲೆಗೆ ಎರಡು ಪುಟ ಇದ್ದರೆ, ಎರಡರಲ್ಲೂ ಬೇರೆ ಬೇರೆ ಮಾಹಿತಿ ಇದ್ದರೆ, ಓದುಗ ಯಾವುದನ್ನು ನಂಬಬೇಕು?

ಯಂತ್ರಾನುವಾದದಿಂದ ಬಂದ, ಓದಿದರೆ ತಲೆಬುಡ ತಿಳಿಯದ ವೈದ್ಯಕೀಯ ಪುಟಗಳು ಕನ್ನಡದಲ್ಲಿ ಸಾಕಷ್ಟಿವೆ. ಅಂಥ ಒಂದನ್ನು ಕೈಗೆತ್ತಿಕೊಂಡು ಸರಿ ಮಾಡುವುದು ಹೊಸ ಪುಟ ಬರೆಯುವುದಕ್ಕಿಂತ ದೊಡ್ಡ ಉಪಕಾರ ಎಂದೇ ನನ್ನ ನಂಬಿಕೆ.

ಹೊಸದನ್ನೇ ಬರೆಯುವ ಆಸೆ ಇದ್ದರೆ ನಮ್ಮ ನೆಲದ ಕಾಯಿಲೆಗಳ ಕಡೆ ನೋಡಿ. ಮಂಗನ ಕಾಯಿಲೆ, ಹಾವು ಕಡಿತ, ಇಲಿಜ್ವರ, ಕೋಲಾರ ತುಮಕೂರು ಕಡೆಯ ಬೋರ್‌ವೆಲ್ ನೀರಿನಿಂದ ಬರುವ, ಹಲ್ಲು ಮೂಳೆ ಕೆಡಿಸುವ ಫ್ಲೋರೋಸಿಸ್, ಕೀಲು ಮೂಳೆಗಳನ್ನು ಕಾಡುವ ಸಾಗರ ತಾಲ್ಲೂಕಿನ ಹಂದಿಗೋಡು ಕಾಯಿಲೆ. ಇವುಗಳ ಬಗ್ಗೆ ಕನ್ನಡದಲ್ಲಿ ಚೆನ್ನಾಗಿ ಬರೆಯುವವರು ನಾವಲ್ಲದೆ ಬೇರೆ ಯಾರೂ ಇಲ್ಲ.

ಹೆಜ್ಜೆ 2: ಬರೆಯುವ ಮೊದಲು ಆಕರ ಕೂಡಿಸಿ

ಮೊದಲು ಬರೆದು ಆಮೇಲೆ ಅದಕ್ಕೊಂದು ಉಲ್ಲೇಖ ಹುಡುಕುವ ಅಭ್ಯಾಸ ಬಿಟ್ಟುಬಿಡಿ. ಹಾಗೆ ಹುಡುಕಿದಾಗ ನಮ್ಮ ಮಾತಿಗೆ ಒಪ್ಪುವ ಆಕರ ಮಾತ್ರ ಕಣ್ಣಿಗೆ ಬೀಳುತ್ತದೆ.

ಯಾವ ಆಕರಕ್ಕೆ ಎಷ್ಟು ತೂಕ? ಎಲ್ಲಕ್ಕಿಂತ ಮೇಲೆ ವಿಶ್ವ ಆರೋಗ್ಯ ಸಂಸ್ಥೆ, ಕೇಂದ್ರ ಆರೋಗ್ಯ ಸಚಿವಾಲಯ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಂಥ ಸಂಸ್ಥೆಗಳ ಮಾರ್ಗಸೂಚಿಗಳು ಬರುತ್ತವೆ. ಅವುಗಳ ಜೊತೆಗೇ, ಹಲವು ಅಧ್ಯಯನಗಳನ್ನು ಒಟ್ಟಿಗೆ ತೂಗಿ ನೋಡುವ ವಿಮರ್ಶಾ ಲೇಖನಗಳು. ಆಮೇಲೆ ವೈದ್ಯಕೀಯ ಕಾಲೇಜುಗಳಲ್ಲಿ ಓದಿಸುವ ಪಠ್ಯಪುಸ್ತಕಗಳ ಹೊಸ ಆವೃತ್ತಿ. ಒಂದೇ ಒಂದು ಸಣ್ಣ ಅಧ್ಯಯನವನ್ನು ಹಿಡಿದು ಚಿಕಿತ್ಸೆಯ ಬಗ್ಗೆ ಬರೆಯಬಾರದು. ಇಲಿಗಳ ಮೇಲೆ ನಡೆದ ಪ್ರಯೋಗ, ಇಪ್ಪತ್ತು ಮೂವತ್ತು ಜನರ ಮೇಲೆ ನಡೆದ ಪರೀಕ್ಷೆ, ಇವೆಲ್ಲ ಸಂಶೋಧಕರಿಗೆ ಮುಖ್ಯ. ರಾತ್ರಿ ಮಗುವಿನ ಜ್ವರಕ್ಕೆ ಹೆದರಿ ಓದುತ್ತಿರುವ ತಾಯಿಗೆ ಅಲ್ಲ.

ದಿನಪತ್ರಿಕೆಗಳ ವಿಷಯ ಸ್ವಲ್ಪ ಬೇರೆ. "ಈ ಸೊಪ್ಪು ಕ್ಯಾನ್ಸರ್ ವಾಸಿ ಮಾಡುತ್ತದೆ" ಎಂಬಂಥ ಸುದ್ದಿಯನ್ನು ಚಿಕಿತ್ಸೆಯ ಭಾಗಕ್ಕೆ ತರಲೇಬೇಡಿ. ಆದರೆ 2018-19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಮಂಗನ ಕಾಯಿಲೆ ಜೋರಾದಾಗ ಊರಿನ ಜನ ಏನು ಅನುಭವಿಸಿದರು ಎಂದು ಬರೆಯಲು ಪತ್ರಿಕೆಯೇ ಒಳ್ಳೆಯ ಆಕರ. ಆಸ್ಪತ್ರೆಗಳ ಸ್ವಂತ ಜಾಲತಾಣ, ಔಷಧ ಕಂಪನಿಯ ಕರಪತ್ರ, ಯೂಟ್ಯೂಬ್ ವಿಡಿಯೊ ಇವು ಯಾವುದಕ್ಕೂ ಬೇಡ.

ಆಕರದ ವರ್ಷ ನೋಡುವುದನ್ನು ಮರೆಯಬೇಡಿ. ಚಿಕಿತ್ಸೆ ಮತ್ತು ತಡೆಗಟ್ಟುವಿಕೆಯ ಬಗ್ಗೆ ಬರೆಯುವಾಗ ಕಳೆದ ಐದು ವರ್ಷಗಳಲ್ಲಿ ಬಂದದ್ದನ್ನು ಮೊದಲು ಹುಡುಕಿ. ಮಂಗನ ಕಾಯಿಲೆಯಲ್ಲೇ ಇದಕ್ಕೆ ಕಣ್ಣು ತೆರೆಸುವ ಉದಾಹರಣೆ ಇದೆ. ಹಳೆಯ ಪುಸ್ತಕ, ಲೇಖನಗಳಲ್ಲೆಲ್ಲ "ಈ ರೋಗಕ್ಕೆ ಲಸಿಕೆ ಲಭ್ಯವಿದೆ" ಎಂದು ಸಿಗುತ್ತದೆ. ಆ ಲಸಿಕೆಯ ಪರಿಣಾಮ ಸಾಲದು ಎಂದು ಕಂಡುಬಂದು 2022ರಲ್ಲಿ ಅದರ ಬಳಕೆ ನಿಂತಿತು. ಹಳೆಯ ಆಕರವನ್ನು ನಂಬಿ ಬರೆದರೆ, ಕಾಡಿಗೆ ಸೊಪ್ಪು ತರಲು ಹೋಗುವವರು ಇಲ್ಲದ ಲಸಿಕೆಯ ಭರವಸೆಯಲ್ಲಿ ಇರುತ್ತಾರೆ. ಇತಿಹಾಸದ ಭಾಗಕ್ಕೆ ಮಾತ್ರ ಹಳೆಯ ಆಕರಗಳೇ ಬೇಕು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಯತೊಡಗಿದ್ದು, ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಪತ್ತೆ ಮಾಡಿದ್ದು, ಇದನ್ನೆಲ್ಲ ಆ ಕಾಲದ ಬರಹಗಳಿಂದಲೇ ತೆಗೆಯಬೇಕು.

ಆಕರಗಳು ಒಂದಕ್ಕೊಂದು ಒಪ್ಪದಿದ್ದರೆ? ಈ ಕಾಯಿಲೆ ಬಂದವರಲ್ಲಿ 100ಕ್ಕೆ 3ರಿಂದ 5 ಜನ ಸಾಯುತ್ತಾರೆ ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಕೆಲವು ಲೇಖನಗಳು 10ರವರೆಗೂ ಹೇಳುತ್ತವೆ. ಹಾಗೆಂದು ನಡುವಿನ ಸಂಖ್ಯೆಯನ್ನು ನೀವೇ ಲೆಕ್ಕ ಹಾಕಬೇಡಿ. ಎರಡನ್ನೂ ಕೊಡಿ, ಯಾವುದನ್ನು ಯಾರು ಹೇಳಿದರು ಎಂದೂ ಕೊಡಿ.

ವೈದ್ಯಕೀಯ ಸಂಶೋಧನಾ ಲೇಖನಗಳನ್ನು ಹುಡುಕುವ ಜಾಲತಾಣ ಪಬ್‌ಮೆಡ್‌ನಲ್ಲಿ ಹುಡುಕಾಟ ಉಚಿತ. ಪೂರ್ತಿ ಲೇಖನ ಉಚಿತವಾಗಿ ಸಿಗುವಂಥವೂ ಸಾಕಷ್ಟು ಇವೆ. ಸಾರಾಂಶ ಮಾತ್ರ ಓದಿ ಉಲ್ಲೇಖ ಹಾಕಬೇಡಿ. ಸಾರಾಂಶದಲ್ಲಿ ಇಲ್ಲದ "ಆದರೆ" ಒಳಗಡೆ ಇರುತ್ತದೆ. ಇನ್ನೊಂದು ಮಾತು: ಮಾಹಿತಿಯನ್ನು ತೆಗೆದುಕೊಳ್ಳಬಹುದು, ವಾಕ್ಯಗಳನ್ನಲ್ಲ. ಇನ್ನೊಬ್ಬರ ಪುಸ್ತಕದ ಪ್ಯಾರಾವನ್ನು ಹಾಗೇ ಅನುವಾದಿಸಿ ಹಾಕುವುದೂ ಹಕ್ಕುಸ್ವಾಮ್ಯದ ಉಲ್ಲಂಘನೆಯೇ.

ಹೆಜ್ಜೆ 3: ಹೆಸರು ಗೊತ್ತುಮಾಡಿಕೊಳ್ಳಿ

ಪುಟದ ಶೀರ್ಷಿಕೆಗೆ ಜನರಿಗೆ ಗೊತ್ತಿರುವ, ಕನ್ನಡದ ಆರೋಗ್ಯ ಬರಹಗಳಲ್ಲೂ ಬಳಕೆಯಲ್ಲಿರುವ ಹೆಸರು ಇಡಿ. ಮಿಕ್ಕ ಹೆಸರುಗಳಿಂದ ಈ ಪುಟಕ್ಕೆ ಪುನರ್ನಿರ್ದೇಶನ ಕೊಡಿ, ಅಂದರೆ ಆ ಹೆಸರುಗಳಲ್ಲಿ ಹುಡುಕಿದವರೂ ಇದೇ ಪುಟಕ್ಕೆ ಬರುವಂತೆ ಮಾಡಿ. ಮೊದಲ ವಾಕ್ಯದಲ್ಲೇ ಬೇರೆ ಹೆಸರುಗಳೂ ಬರಲಿ. ಮಂಗನ ಕಾಯಿಲೆಯ ಪುಟದಲ್ಲಿ ಕ್ಯಾಸನೂರು ಕಾಡಿನ ಕಾಯಿಲೆ ಮತ್ತು ಕೆಎಫ್‌ಡಿ ಎರಡೂ ಮೊದಲ ಸಾಲಿನಲ್ಲೇ ಇರಬೇಕು, ಏಕೆಂದರೆ ಲ್ಯಾಬ್ ರಿಪೋರ್ಟ್‌ನಲ್ಲಿ ಇರುವುದು ಕೆಎಫ್‌ಡಿ ಎಂದು.

ಇಲ್ಲೊಂದು ಗೊಂದಲವಿದೆ. ಮಂಗನ ಬಾವು ಬೇರೆ ಕಾಯಿಲೆ, ಮಕ್ಕಳಿಗೆ ಕೆನ್ನೆ ಊದುವ ಮಂಪ್ಸ್ ಅದು. ಮಂಕಿಪಾಕ್ಸ್ ಮೂರನೆಯದು. ಅದಕ್ಕೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಎಂಪಾಕ್ಸ್ ಎಂದು ಹೊಸ ಹೆಸರು ಕೊಟ್ಟಿತು. ಹೀಗೆ ಹೆಸರು ಹತ್ತಿರ ಇದ್ದಾಗ ಪುಟದ ನೆತ್ತಿಯ ಮೇಲೇ ಒಂದು ಸಾಲಿನ ಸೂಚನೆ ಹಾಕಿ: ಈ ಪುಟ ಯಾವುದರ ಬಗ್ಗೆ, ಯಾವುದರ ಬಗ್ಗೆ ಅಲ್ಲ.

ಔಷಧವಾದರೆ ಕಂಪನಿಯ ಬ್ರ್ಯಾಂಡ್ ಹೆಸರು ಶೀರ್ಷಿಕೆಗೆ ಬೇಡ. ಅಂತರರಾಷ್ಟ್ರೀಯವಾಗಿ ಒಪ್ಪಿದ ಮೂಲ ಹೆಸರು ಇಡಿ. ನಮ್ಮ ಪ್ಯಾರಾಸಿಟಮಾಲ್ ಅಮೆರಿಕದಲ್ಲಿ ಅಸೆಟಾಮಿನೋಫೆನ್ ಎಂಬ ಹೆಸರಿನಲ್ಲಿ ಸಿಗುತ್ತದೆ. ಮಗನ ಮನೆಗೆಂದು ಅಮೆರಿಕಕ್ಕೆ ಹೋದ ಅಪ್ಪ ಅಮ್ಮ ಎರಡು ಬೇರೆ ಔಷಧ ಅಂದುಕೊಂಡು ಎರಡನ್ನೂ ನುಂಗಿದರೆ ಲಿವರ್‌ಗೆ ಅಪಾಯ. ಹಾಗಾಗಿ ಎರಡೂ ಹೆಸರು ಮೊದಲ ಸಾಲಿಗೇ ಬರಲಿ.

ಪದಗಳ ವಿಷಯದಲ್ಲಿ ನನ್ನ ನಿಲುವು ಸರಳ. ಕಿಡ್ನಿ, ಲಿವರ್, ಬಿಪಿ, ಸ್ಕ್ಯಾನಿಂಗ್ ಇವೆಲ್ಲ ಈಗ ಕನ್ನಡದ ಪದಗಳೇ. ಮೂತ್ರಪಿಂಡ, ರಕ್ತದೊತ್ತಡ ಕೂಡ ಜನರಿಗೆ ಗೊತ್ತು. ಯಾವುದನ್ನಾದರೂ ಬಳಸಿ, ಆದರೆ ಒಂದು ಪುಟದಲ್ಲಿ ಒಂದನ್ನೇ ಬಳಸಿ. ನಿಘಂಟಿನಿಂದ ಅಪರೂಪದ ಸಂಸ್ಕೃತ ಪದ ಹೆಕ್ಕಬೇಡಿ, ನೀವೇ ಹೊಸದನ್ನು ಕಟ್ಟಲೂ ಹೋಗಬೇಡಿ.

ಇದಕ್ಕಿಂತ ಜಾಸ್ತಿ ಎಚ್ಚರ ಬೇಕಾದದ್ದು ಮನೆಮಾತಿನ ಕೆಲವು ಪದಗಳಲ್ಲಿ. ನಂಜು ಎಂದರೆ ವಿಷವೂ ಹೌದು, ಕೀವೂ ಹೌದು, ಸೋಂಕೂ ಹೌದು. ಕಾಮಾಲೆ ಎಂದರೆ ಕಣ್ಣು, ಚರ್ಮ ಹಳದಿಯಾಗುವ ಲಕ್ಷಣ. ಅದರ ಹಿಂದೆ ಹೆಪಟೈಟಿಸ್ ಇರಬಹುದು, ಪಿತ್ತಕೋಶದ ಕಲ್ಲು ಇರಬಹುದು, ರಕ್ತಕಣ ಒಡೆಯುವ ಕಾಯಿಲೆಯೂ ಇರಬಹುದು. "ಕಾಮಾಲೆಗೆ ಔಷಧ" ಎಂದು ಒಂದೇ ಸಾಲಿನಲ್ಲಿ ಬರೆದರೆ ಆ ಮೂರನ್ನೂ ಒಂದು ಮಾಡಿದಂತೆ. ಗ್ಯಾಸ್ಟ್ರಿಕ್ ಎಂಬ ಪದವಂತೂ ಜೀವಕ್ಕೇ ಕುತ್ತು ತರಬಲ್ಲದು. ಎದೆಯಲ್ಲಿ ಉರಿ, ಭಾರ, ಬೆವರು ಎಲ್ಲವನ್ನೂ "ಗ್ಯಾಸ್ಟ್ರಿಕ್" ಎನ್ನುವುದು ನಮ್ಮಲ್ಲಿ ರೂಢಿ. ಹೃದಯಾಘಾತದಲ್ಲೂ ಹೀಗೇ ಆಗಬಹುದು. ಆದ್ದರಿಂದ ಇಂಥ ಪದವನ್ನು ಬಿಡಬೇಡಿ, ಜನ ಅದನ್ನೇ ಹುಡುಕುತ್ತಾರೆ. ಅದು ಏನನ್ನೆಲ್ಲ ಮುಚ್ಚಿಡುತ್ತದೆ ಎಂದು ಬಿಡಿಸಿ ಬರೆಯಿರಿ.

ಹೆಜ್ಜೆ 4: ಪೀಠಿಕೆ ಬರೆಯಿರಿ

ಹೆಚ್ಚಿನವರು ಮೊದಲ ಒಂದೆರಡು ಪ್ಯಾರಾ ಓದಿ ಪುಟ ಮುಚ್ಚುತ್ತಾರೆ. ಅಷ್ಟರಲ್ಲೇ ಆ ಕಾಯಿಲೆಯ ಮುಖ್ಯ ಸಂಗತಿಯೆಲ್ಲ ಸಿಗಬೇಕು. ಯಂತ್ರಾನುವಾದದ ಪೀಠಿಕೆ ಸಾಮಾನ್ಯವಾಗಿ ಹೀಗಿರುತ್ತದೆ:

"ಕ್ಯಾಸನೂರು ಅರಣ್ಯ ರೋಗವು ದಕ್ಷಿಣ ಏಷ್ಯಾಕ್ಕೆ ಸ್ಥಳೀಯವಾದ ಉಣ್ಣೆಗಳಿಂದ ಹರಡಲ್ಪಡುವ ವೈರಾಣುಜನ್ಯ ರಕ್ತಸ್ರಾವಿ ಜ್ವರವಾಗಿದ್ದು ಇದು ಫ್ಲೇವಿವೈರಿಡೆ ಕುಟುಂಬಕ್ಕೆ ಸೇರಿದ ವೈರಾಣುವಿನಿಂದ ಉಂಟುಮಾಡಲ್ಪಡುತ್ತದೆ."

ತಪ್ಪೇನೂ ಇಲ್ಲ. ಆದರೆ ತೀರ್ಥಹಳ್ಳಿಯ ಅಡಿಕೆ ತೋಟದ ಕೆಲಸದವರಿಗೆ ಇದರಿಂದ ಏನು ತಿಳಿಯಿತು? ಅದನ್ನೇ ಹೀಗೆ ಬರೆಯಬಹುದು:

"ಮಂಗನ ಕಾಯಿಲೆ ಎಂಬುದು ವೈರಸ್‌ನಿಂದ ಬರುವ ಜ್ವರ. ಕ್ಯಾಸನೂರು ಕಾಡಿನ ಕಾಯಿಲೆ, ಕೆಎಫ್‌ಡಿ ಎಂಬುವು ಇದರ ಬೇರೆ ಹೆಸರುಗಳು. ಸೋಂಕು ತಗುಲಿದ ಉಣುಗು (ಉಣ್ಣೆ, ಉಣ್ಣಿ) ಕಚ್ಚಿದಾಗ, ಅಥವಾ ಸೋಂಕಿನಿಂದ ಬಳಲುತ್ತಿರುವ ಇಲ್ಲವೇ ಸತ್ತ ಮಂಗವನ್ನು ಮುಟ್ಟಿದಾಗ ಇದು ಮನುಷ್ಯರಿಗೆ ಬರುತ್ತದೆ. ಮನುಷ್ಯರಿಂದ ಮನುಷ್ಯರಿಗೆ ಹರಡಿದ್ದು ಕಂಡುಬಂದಿಲ್ಲ. ಸೋಂಕು ತಗುಲಿದ 3ರಿಂದ 8 ದಿನಗಳಲ್ಲಿ ಇದ್ದಕ್ಕಿದ್ದಂತೆ ಚಳಿ, ಜ್ವರ, ತಲೆನೋವು ಶುರುವಾಗುತ್ತವೆ. ಮೂರು ನಾಲ್ಕು ದಿನಗಳ ನಂತರ ವಿಪರೀತ ಮೈಕೈ ನೋವು, ವಾಂತಿ, ಕೆಲವರಲ್ಲಿ ರಕ್ತಸ್ರಾವ ಕಾಣಿಸಿಕೊಳ್ಳಬಹುದು. ಇದಕ್ಕೆಂದೇ ಇರುವ ಔಷಧ ಇಲ್ಲ. ಆದರೆ ಬೇಗ ಆಸ್ಪತ್ರೆಗೆ ಸೇರಿಸಿ ದೇಹದಲ್ಲಿ ನೀರಿನಂಶ ಕಾಪಾಡುವುದು, ರಕ್ತಸ್ರಾವ ನೋಡಿಕೊಳ್ಳುವುದು ಮುಖ್ಯ ಚಿಕಿತ್ಸೆ."

ವೈರಸ್‌ನ ಕುಟುಂಬದ ಹೆಸರು ಬೇಡವೆಂದಲ್ಲ. ಅದು ಒಳಗೆ, ಕಾರಣಗಳ ಭಾಗದಲ್ಲಿ ಬರಲಿ. ಎರಡನೆಯ ಪ್ಯಾರಾದಲ್ಲಿ ತಡೆಯುವ ಬಗೆ, ಡಿಸೆಂಬರ್‌ನಿಂದ ಮೇವರೆಗಿನ ಒಣಗಾಲದಲ್ಲಿ ಇದು ಹೆಚ್ಚುವುದು, 1957ರಲ್ಲಿ ಪತ್ತೆಯಾದದ್ದು, ಆಮೇಲೆ ಕೇರಳ, ತಮಿಳುನಾಡು, ಗೋವಾ, ಮಹಾರಾಷ್ಟ್ರಗಳಲ್ಲೂ ಕಂಡದ್ದು, ಇಷ್ಟು ಬಂದರೆ ಪೀಠಿಕೆ ಮುಗಿಯಿತು.

ಹೆಜ್ಜೆ 5: ಒಳಗಿನ ಭಾಗಗಳ ಕ್ರಮ

ಇದಕ್ಕೆ ಒಪ್ಪಿತವಾದ ಕ್ರಮ ಇದೆ. ಲಕ್ಷಣಗಳು, ಕಾರಣ, ದೇಹದಲ್ಲಿ ಏನಾಗುತ್ತದೆ, ಪತ್ತೆ ಹಚ್ಚುವುದು, ತಡೆಯುವುದು, ಚಿಕಿತ್ಸೆ, ಮುಂದೇನಾಗಬಹುದು, ಎಷ್ಟು ಜನರಿಗೆ ಎಲ್ಲೆಲ್ಲಿ, ಇತಿಹಾಸ, ಸಮಾಜ ಮತ್ತು ಸಂಸ್ಕೃತಿ, ಸಂಶೋಧನೆ. ಔಷಧದ ಪುಟವಾದರೆ ಯಾವುದಕ್ಕೆ ಬಳಸುತ್ತಾರೆ, ಯಾರಿಗೆ ಕೊಡಬಾರದು, ಅಡ್ಡಪರಿಣಾಮ, ಬೇರೆ ಔಷಧಗಳ ಜೊತೆ ಸೇರಿದರೆ ಏನು ಎಂದು ಸಾಗುತ್ತದೆ. ಎಲ್ಲ ತಲೆಬರಹವನ್ನೂ ತುಂಬಿಸಲೇಬೇಕೆಂದಿಲ್ಲ. ಮಾಹಿತಿ ಇಲ್ಲದ ಕಡೆ ಖಾಲಿ ತಲೆಬರಹ ಇಡಬೇಡಿ.

ಮಂಗನ ಕಾಯಿಲೆಯಲ್ಲಿ ಲಕ್ಷಣಗಳ ಭಾಗಕ್ಕೆ ಹೆಚ್ಚು ಜಾಗ ಕೊಡಿ. ಜ್ವರ ಒಂದೆರಡು ವಾರದಲ್ಲಿ ಇಳಿದು, ಹುಷಾರಾಯಿತು ಅಂದುಕೊಂಡ ಮೇಲೆ 100ರಲ್ಲಿ 10ರಿಂದ 20 ಜನರಿಗೆ ಮೂರನೆಯ ವಾರದ ಹೊತ್ತಿಗೆ ಎರಡನೆಯ ಸುತ್ತು ಶುರುವಾಗುತ್ತದೆ. ಆಗ ಜ್ವರದ ಜೊತೆ ತೀವ್ರ ತಲೆನೋವು, ಕೈಕಾಲು ನಡುಕ, ಗೊಂದಲದಂಥ ನರಗಳ ತೊಂದರೆ ಬರಬಹುದು. ಮನೆಗೆ ಬಂದ ಮೇಲೂ ಯಾಕೆ ಗಮನವಿಡಬೇಕು ಎಂಬುದಕ್ಕೆ ಇದೇ ಕಾರಣ. ಇಂಥ ಸಂಗತಿ ಉದ್ದ ಪ್ಯಾರಾದ ನಡುವೆ ಹೂತುಹೋಗಬಾರದು.

ತಡೆಯುವ ಭಾಗವೂ ಹಾಗೇ. ಕಾಡಿಗೆ ಹೋಗುವಾಗ ಮೈ ಮುಚ್ಚುವ ಬಟ್ಟೆ, ಉಣುಗು ಹತ್ತದಂತೆ ಮೈಗೆ ಹಚ್ಚಿಕೊಳ್ಳಲು ಆರೋಗ್ಯ ಇಲಾಖೆ ಹಂಚುವ ಡೆಪಾ ಎಣ್ಣೆ, ಬಂದ ಮೇಲೆ ಬಿಸಿನೀರಿನ ಸ್ನಾನ, ಬಟ್ಟೆ ಒಗೆಯುವುದು, ದನಗಳ ಮೈಮೇಲಿನ ಉಣುಗಿನ ನಿಯಂತ್ರಣ, ಮಂಗ ಸತ್ತು ಬಿದ್ದರೆ ಮುಟ್ಟದೆ ತಿಳಿಸುವುದು. ಮಲೆನಾಡಿನಲ್ಲಿ ಉಣುಗು ಅಂದರೆ ಗೊತ್ತು, ಬೇರೆ ಕಡೆ ಉಣ್ಣೆ, ಉಣ್ಣಿ ಅನ್ನುತ್ತಾರೆ. ಒಮ್ಮೆ ಮೂರನ್ನೂ ಹೇಳಿ, ಆಮೇಲೆ ಒಂದರಲ್ಲಿ ಮುಂದುವರಿಯಿರಿ.

ಹೆಜ್ಜೆ 6: ವಾಕ್ಯ ಕಟ್ಟುವುದು

ನನ್ನ ಮಟ್ಟಿಗೆ ಇದೇ ಈ ಕೆಲಸದ ಹೃದಯ.

ಮೊದಲನೆಯದು, ಇದು ವಿಶ್ವಕೋಶ, ಡಾಕ್ಟರ ಚೀಟಿ ಅಲ್ಲ. "ನೀವು ದಿನಕ್ಕೆ ಎರಡು ಮಾತ್ರೆ ತೆಗೆದುಕೊಳ್ಳಿ" ಎಂದು ಬರೆಯುವಂತಿಲ್ಲ. "ಇದನ್ನು ಪ್ಯಾರಾಸಿಟಮಾಲ್‌ನಿಂದ ನಿಯಂತ್ರಿಸುತ್ತಾರೆ" ಎಂದು ಸಂಗತಿಯಾಗಿ ಹೇಳಿ. ಡೋಸ್ ಹಾಕಲೇಬೇಡಿ. ಮಗುವಿಗೆ ಎಷ್ಟು, ದೊಡ್ಡವರಿಗೆ ಎಷ್ಟು ಎಂಬುದು ತೂಕ, ವಯಸ್ಸು, ಕಿಡ್ನಿಯ ಸ್ಥಿತಿ ನೋಡಿ ಬದಲಾಗುತ್ತದೆ. ಜೊತೆಗೆ ಯಾರು ಬೇಕಾದರೂ ತಿದ್ದಬಹುದಾದ ಪುಟದಲ್ಲಿ ಒಂದು ಸೊನ್ನೆ ಹೆಚ್ಚಾದರೂ ಗೊತ್ತಾಗುವುದಿಲ್ಲ.

ಎರಡನೆಯದು "ಬಹುದು". ಕನ್ನಡದಲ್ಲಿ ಬಹುದು ಸಾಧ್ಯತೆಯನ್ನೂ ಹೇಳುತ್ತದೆ, ಅನುಮತಿಯನ್ನೂ ಕೊಡುತ್ತದೆ. "ಹಾಲೂಡಿಸುವ ತಾಯಂದಿರು ಈ ಔಷಧ ತೆಗೆದುಕೊಳ್ಳಬಹುದು." ಇದು ಒಪ್ಪಿಗೆಯೋ, ಕೆಲವರು ತೆಗೆದುಕೊಂಡಾರು ಎಂಬ ಊಹೆಯೋ? ಒಪ್ಪಿಗೆಯಾದರೆ "ಹಾಲೂಡಿಸುವಾಗ ಇದರ ಬಳಕೆಯಿಂದ ಮಗುವಿಗೆ ತೊಂದರೆಯಾದದ್ದು ವರದಿಯಾಗಿಲ್ಲ ಎಂದು ಇಂಥ ಮಾರ್ಗಸೂಚಿ ಹೇಳುತ್ತದೆ" ಎಂದು ಬಿಡಿಸಿ.

ಇದೇ ತೊಡಕು ನಿಷೇಧದಲ್ಲೂ ಇದೆ. ಬೇಕಿಲ್ಲ ಅಂದರೆ ಅಗತ್ಯವಿಲ್ಲ. ಬಾರದು ಅಂದರೆ ಮಾಡಿದರೆ ಅಪಾಯ. "ಗರ್ಭಿಣಿಯರಿಗೆ ಈ ಲಸಿಕೆ ಹಾಕಿಸಬೇಕಿಲ್ಲ" ಮತ್ತು "ಹಾಕಿಸಬಾರದು" ಎರಡರ ನಡುವೆ ಅಜಗಜಾಂತರ. ಅನುವಾದದ ಭರದಲ್ಲಿ ಇವು ಅದಲುಬದಲಾಗುವುದು ಮಾಮೂಲಿ. ಪ್ರತಿ ಬೇಕಿಲ್ಲ, ಬಾರದು, ಬೇಡಗಳನ್ನು ಮೂಲದ ಜೊತೆ ಇಟ್ಟು ಎರಡು ಸಲ ನೋಡಿ.

ಮೂರನೆಯದು "ಲ್ಪಡು". ಹರಡಲ್ಪಡುತ್ತದೆ, ನೀಡಲ್ಪಡುತ್ತದೆ, ಶಿಫಾರಸು ಮಾಡಲ್ಪಟ್ಟಿದೆ. ಇವು ಕಂಡರೆ ಆ ವಾಕ್ಯ ಇಂಗ್ಲಿಷಿನಿಂದ ಎಳೆದು ತಂದದ್ದು ಎಂದೇ ತಿಳಿಯಿರಿ. ಕೇಳಿಸಲು ಕೆಟ್ಟದ್ದು ಎಂಬುದಷ್ಟೇ ಅಲ್ಲ. ಯಾರು ಶಿಫಾರಸು ಮಾಡಿದರು ಎಂಬುದು ಅದರಲ್ಲಿ ಮಾಯವಾಗುತ್ತದೆ. "ಉಣುಗು ಕಚ್ಚಿದಾಗ ಹರಡುತ್ತದೆ", "ಡಾಕ್ಟರು ಕೊಡುತ್ತಾರೆ", "ವಿಶ್ವ ಆರೋಗ್ಯ ಸಂಸ್ಥೆ ಶಿಫಾರಸು ಮಾಡಿದೆ" ಎಂದು ಕೆಲಸ ಮಾಡಿದವರನ್ನು ಮುಂದಕ್ಕೆ ತನ್ನಿ.

ನಾಲ್ಕನೆಯದು, ಜನರ ಬಗ್ಗೆ ಹೇಳುವ ರೀತಿ. ಕಾಯಿಲೆಯನ್ನೇ ಮನುಷ್ಯನ ಹೆಸರಾಗಿಸಬೇಡಿ. ಕುಷ್ಠರೋಗಿ, ಏಡ್ಸ್ ಪೀಡಿತ, ಹುಚ್ಚ ಇವೆಲ್ಲ ಬೇಡ. ಕುಷ್ಠ ಇರುವವರು, ಎಚ್‌ಐವಿ ಇರುವವರು, ಮಾನಸಿಕ ಕಾಯಿಲೆ ಇರುವವರು ಎನ್ನಿ. ಎಚ್‌ಐವಿ ಇದ್ದವರಿಗೆಲ್ಲ ಏಡ್ಸ್ ಇರುವುದಿಲ್ಲ, ಅದನ್ನೂ ಗಮನಿಸಿ. "ಮಾರಿ", "ಮಹಾಮಾರಿ", "ರಣಕೇಕೆ" ಇವು ಟೀವಿಯಲ್ಲೇ ಇರಲಿ. ಹೆದರಿದವರನ್ನು ಇನ್ನಷ್ಟು ಹೆದರಿಸುವುದರಿಂದ ಯಾರಿಗೂ ಒಳ್ಳೆಯದಾಗುವುದಿಲ್ಲ.

ಹೆಜ್ಜೆ 7: ಅಂಕಿ, ಅಳತೆ, ದಿನಾಂಕ

"ಇತ್ತೀಚೆಗೆ", "ಈಗ", "ಕಳೆದ ವರ್ಷ" ಇವನ್ನೆಲ್ಲ ತೆಗೆದುಹಾಕಿ ಇಸವಿ ಬರೆಯಿರಿ. ಪುಟವನ್ನು ಹತ್ತು ವರ್ಷದ ನಂತರವೂ ಓದುತ್ತಾರೆ.

ಮಿಲಿಯನ್ ಬೇಡ, ಲಕ್ಷ ಕೋಟಿ ಇರಲಿ. ಖಾಲಿ ಹೊಟ್ಟೆಯ ಸಕ್ಕರೆ ಪ್ರಮಾಣ ನಮ್ಮಲ್ಲಿ ಡೆಸಿಲೀಟರ್‌ಗೆ ಮಿಲಿಗ್ರಾಂ ಲೆಕ್ಕದಲ್ಲಿ ಬರುತ್ತದೆ. ಬ್ರಿಟನ್, ಕೆನಡಾದಲ್ಲಿರುವ ಕನ್ನಡಿಗರಿಗೆ ಲೀಟರ್‌ಗೆ ಮಿಲಿಮೋಲ್ ಲೆಕ್ಕದಲ್ಲಿ. ಇಲ್ಲಿಯ 126 ಅಲ್ಲಿಯ 7. ಎರಡನ್ನೂ ಕೊಡಿ. ಜ್ವರಕ್ಕೂ ಹಾಗೇ: 38 ಡಿಗ್ರಿ ಸೆಲ್ಸಿಯಸ್ ಅಂದರೆ 100.4 ಫ್ಯಾರನ್‌ಹೀಟ್. ಮಿಲಿಗ್ರಾಂ, ಮೈಕ್ರೊಗ್ರಾಂ ಎಂದು ಪೂರ್ತಿ ಬರೆಯಿರಿ. "ಮಿ.ಗ್ರಾಂ", "ಮೈ.ಗ್ರಾಂ" ಎಂದು ಮೊಟಕು ಮಾಡಿದರೆ ಒಂದು ಅಕ್ಷರದ ತಪ್ಪಿನಲ್ಲಿ ಸಾವಿರ ಪಟ್ಟು ವ್ಯತ್ಯಾಸ ಆಗಿಬಿಡುತ್ತದೆ. ಚಮಚ ಎಂದಾಗಲೂ ಯಾವ ಚಮಚ ಎಂದು ಹೇಳಿ. ಭೇದಿಗೆ ಮನೆಯಲ್ಲಿ ಕಲಸುವ ನೀರಿಗೆ 1 ಲೀಟರ್‌ಗೆ ತಲೆ ಸಮ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಊಟದ ಚಮಚದಲ್ಲಿ ಉಪ್ಪು ಹಾಕಿದರೆ ಅದೇ ನೀರು ಮಗುವಿಗೆ ಅಪಾಯ.

ಮಿತಿಗಳನ್ನು ಹೇಳುವಾಗ ಯಾರ ಮಿತಿ ಎಂದು ಹೇಳಲೇಬೇಕು. ಬಿಪಿ 140/90 ಅಥವಾ ಅದಕ್ಕಿಂತ ಮೇಲಿದ್ದರೆ ಜಾಸ್ತಿ ಎಂಬುದು ಹಲವು ಸಂಸ್ಥೆಗಳ ಲೆಕ್ಕ. ಅಮೆರಿಕದ ಹೃದ್ರೋಗ ಸಂಸ್ಥೆಗಳು 2017ರಲ್ಲಿ ಅದನ್ನು 130/80ಕ್ಕೆ ಇಳಿಸಿದವು. ಸುಮ್ಮನೆ ಒಂದನ್ನು ಬರೆದರೆ 135 ಇರುವವರು ಒಂದು ಪುಟದಲ್ಲಿ ರೋಗಿ, ಇನ್ನೊಂದರಲ್ಲಿ ಆರೋಗ್ಯವಂತ.

"ಅಪಾಯ ಅರ್ಧಕ್ಕರ್ಧ ಕಡಿಮೆಯಾಗುತ್ತದೆ" ಎಂಬ ಮಾತು ಕಂಡರೆ ನಿಲ್ಲಿ. 1,000 ಜನರಲ್ಲಿ 2 ಇದ್ದದ್ದು 1 ಆದರೂ ಅರ್ಧವೇ, 200 ಇದ್ದದ್ದು 100 ಆದರೂ ಅರ್ಧವೇ. ಎಷ್ಟು ಜನರಲ್ಲಿ ಎಷ್ಟು ಎಂದು ಆಕರದಲ್ಲಿ ಹುಡುಕಿ, ಅದನ್ನೇ ಕೊಡಿ.

ಹೆಜ್ಜೆ 8: ಮನೆಮದ್ದು, ನಂಬಿಕೆ, ನಾಟಿ ಚಿಕಿತ್ಸೆ

ಇವನ್ನು ಬಿಟ್ಟು ಬರೆದರೆ ಪುಟ ಪೂರ್ತಿಯಾಗುವುದಿಲ್ಲ. ಜನ ಮಾಡುವುದು ಇದನ್ನೇ ಅಲ್ವಾ? ಆದರೆ ಚಿಕಿತ್ಸೆಯ ಭಾಗದಲ್ಲಿ ಆಸ್ಪತ್ರೆಯ ಔಷಧದ ಪಕ್ಕದಲ್ಲಿ ಸಮಸಮಕ್ಕೆ ಕೂರಿಸಬೇಡಿ. ಸಮಾಜ ಮತ್ತು ಸಂಸ್ಕೃತಿಯ ಭಾಗದಲ್ಲಿ ಬರಲಿ. ಪರೀಕ್ಷಿಸಿ ನೋಡಿದ ಪುರಾವೆ ಇದ್ದರೆ ಅದನ್ನು ಹೇಳಿ, ಇಲ್ಲದಿದ್ದರೆ ಇಲ್ಲ ಎಂದು ಹೇಳಿ. ಆಯುರ್ವೇದ, ಯುನಾನಿ, ಅಲೋಪಥಿ ಎಲ್ಲಕ್ಕೂ ಒಂದೇ ಅಳತೆಗೋಲು.

ಅಪಾಯದ ಪದ್ಧತಿ ಇದ್ದಾಗ ಸರಿಯಾದದ್ದನ್ನು ಮೊದಲು ಬರೆಯಿರಿ. ಓದುಗರ ನೆನಪಿನಲ್ಲಿ ಉಳಿಯುವುದು ಮೊದಲು ಓದಿದ್ದು. ನಾಯಿ ಕಡಿದ ಗಾಯವನ್ನು ಸೋಪು ಮತ್ತು ಹರಿಯುವ ನೀರಿನಲ್ಲಿ 15 ನಿಮಿಷ ತೊಳೆಯುವುದು, ಕೂಡಲೇ ಲಸಿಕೆಗೆ ಹೋಗುವುದು, ಇದು ಮೊದಲ ಸಾಲು. ರೇಬಿಸ್ ಲಕ್ಷಣ ಕಾಣಿಸಿಕೊಂಡ ಮೇಲೆ ಬದುಕುವುದು ತೀರಾ ಅಪರೂಪ ಎಂಬುದು ಎರಡನೆಯ ಸಾಲು. ಸುಣ್ಣ, ಮೆಣಸಿನಪುಡಿ ಹಚ್ಚುವ ರೂಢಿ ಗಾಯಕ್ಕೆ ಕೆಡುಕು ಎಂಬುದು ಆಮೇಲೆ. ಹಾವು ಕಡಿತದಲ್ಲೂ ಹಾಗೇ: ಕಡಿಸಿಕೊಂಡವರನ್ನು ಅಲುಗಾಡದಂತೆ ಮಲಗಿಸಿ, ಪ್ರತಿವಿಷ ಇರುವ ಆಸ್ಪತ್ರೆಗೆ ಸಾಗಿಸುವುದು ಮೊದಲು. ಬಿಗಿಯಾಗಿ ಕಟ್ಟುವುದು, ಕೊಯ್ಯುವುದು, ಬಾಯಿಂದ ಹೀರುವುದು ತಪ್ಪು ಎಂಬುದು ನಂತರ. ಈ ರೂಢಿ ಇಟ್ಟುಕೊಂಡವರನ್ನು ಮೂಢರು ಎನ್ನಬೇಡಿ. ಆಸ್ಪತ್ರೆ ದೂರವಿರುವ ಊರುಗಳಲ್ಲಿ ಜನ ಕೈಗೆ ಸಿಕ್ಕಿದ್ದನ್ನು ಮಾಡಿದ್ದಾರೆ. ಹೀಯಾಳಿಸಿದರೆ ಅವರು ಪುಟವನ್ನು ಮುಚ್ಚುತ್ತಾರೆ, ರೂಢಿ ಹಾಗೇ ಉಳಿಯುತ್ತದೆ.

ಹೆಜ್ಜೆ 9: ಉಲ್ಲೇಖ ಮತ್ತು ಚಿತ್ರ

ಪ್ಯಾರಾ ಕೊನೆಯಲ್ಲಿ ಒಂದು ಉಲ್ಲೇಖ ಸಾಲದು. ಲಕ್ಷಣ, ಚಿಕಿತ್ಸೆ, ಅಂಕಿ ಇರುವ ಪ್ರತಿ ವಾಕ್ಯಕ್ಕೂ ಹಾಕಿ. ನಾಳೆ ಇನ್ನೊಬ್ಬರು ನಡುವೆ ಒಂದು ವಾಕ್ಯ ಸೇರಿಸಿದರೆ ಯಾವುದಕ್ಕೆ ಆಧಾರ ಇದೆ, ಯಾವುದಕ್ಕೆ ಇಲ್ಲ ಎಂಬುದು ಕಾಣಬೇಕು. ಪಬ್‌ಮೆಡ್ ಸಂಖ್ಯೆ ಅಥವಾ ಡಿಒಐ (ಲೇಖನಕ್ಕೆ ಕೊಟ್ಟಿರುವ ಕಾಯಂ ಗುರುತು), ಲೇಖನದ ವರ್ಷ, ಪುಸ್ತಕವಾದರೆ ಆವೃತ್ತಿ ಮತ್ತು ಪುಟ ತಪ್ಪದೆ ಇರಲಿ.

ಚಿತ್ರಗಳನ್ನು ಮುಕ್ತ ಚಿತ್ರಗಳ ಭಂಡಾರವಾದ ವಿಕಿಮೀಡಿಯ ಕಾಮನ್ಸ್‌ನಿಂದ ತನ್ನಿ, ಅಥವಾ ನೀವೇ ತೆಗೆದದ್ದನ್ನು ಅಲ್ಲಿಗೆ ಸೇರಿಸಿ. ಕಾಯಿಲೆ ಇರುವವರ ಮುಖ ಗುರುತು ಸಿಗುವಂಥ ಫೋಟೊವನ್ನು ಅವರ ಒಪ್ಪಿಗೆ ಇಲ್ಲದೆ ಹಾಕಬೇಡಿ. ಮಂಗನ ಕಾಯಿಲೆಗೆ ಉಣುಗಿನ ಹತ್ತಿರದ ಚಿತ್ರ ಮತ್ತು ಜಿಲ್ಲೆಗಳ ನಕ್ಷೆ ಸಾಕು. ಸತ್ತ ಮಂಗದ ಚಿತ್ರದಿಂದ ಯಾರಿಗೂ ಏನೂ ತಿಳಿಯುವುದಿಲ್ಲ.

ಹೆಜ್ಜೆ 10: ತೋರಿಸಿ, ಪ್ರಕಟಿಸಿ, ಮತ್ತೆ ನೋಡಿ

ವಿಕಿಪೀಡಿಯದಲ್ಲಿ ಕರಡು ಬರೆಯಲು ನಿಮಗೆಂದೇ ಇರುವ ಪ್ರಯೋಗಪುಟದಲ್ಲಿ ಬರೆದು ಮುಗಿಸಿ. ಆಮೇಲೆ ಇಬ್ಬರಿಗೆ ತೋರಿಸಿ. ಒಬ್ಬರು ಆ ಕಾಯಿಲೆ ನೋಡಿದ ಡಾಕ್ಟರು ಅಥವಾ ನರ್ಸ್. ಇನ್ನೊಬ್ಬರು ವೈದ್ಯಕೀಯ ಏನೂ ಗೊತ್ತಿಲ್ಲದವರು, ಮನೆಯ ಹಿರಿಯರಾದರೆ ಇನ್ನೂ ಒಳ್ಳೆಯದು. ಅವರಿಗೆ ಜೋರಾಗಿ ಓದಿ ಹೇಳಿ, "ಈಗ ಏನು ಮಾಡ್ತೀರಿ?" ಎಂದು ಕೇಳಿ. ಉತ್ತರ ನೀವು ಬರೆದದ್ದಕ್ಕೆ ಹೊಂದದಿದ್ದರೆ ತಿದ್ದಬೇಕಾದದ್ದು ವಾಕ್ಯವನ್ನು.

ನೀವು ಆಸ್ಪತ್ರೆಯಲ್ಲೋ ಔಷಧ ಕಂಪನಿಯಲ್ಲೋ ಕೆಲಸ ಮಾಡುತ್ತಿದ್ದು, ಅದಕ್ಕೆ ಸಂಬಂಧಿಸಿದ್ದನ್ನು ಬರೆಯುತ್ತಿದ್ದರೆ ಲೇಖನದ ಜೊತೆಗಿರುವ ಚರ್ಚೆಪುಟದಲ್ಲಿ ಮೊದಲೇ ತಿಳಿಸಿ. ತಿದ್ದುವಾಗ ಪ್ರತಿ ಸಲ ಸಾರಾಂಶದ ಪೆಟ್ಟಿಗೆಯಲ್ಲಿ ಏನು, ಯಾಕೆ ಬದಲಾಯಿಸಿದಿರಿ ಎಂದು ಒಂದು ಸಾಲು ಬರೆಯಿರಿ. ಯಾರಾದರೂ ನಿಮ್ಮ ಸಾಲು ತೆಗೆದರೆ ಹಾಗೇ ವಾಪಸ್ ಹಾಕಬೇಡಿ, ಚರ್ಚೆಪುಟದಲ್ಲಿ ಆಕರ ಇಟ್ಟು ಮಾತಾಡಿ. ಅಲ್ಲಿ ಬಗೆಹರಿಯದಿದ್ದರೆ ಎಲ್ಲರೂ ಸೇರುವ ಅರಳಿ ಕಟ್ಟೆಯಲ್ಲಿ ಕೇಳಿ.

ಪ್ರಕಟಿಸಿದ ಪುಟವನ್ನು, ಆಮೇಲಿನ ತಿದ್ದುಪಡಿಗಳನ್ನು ತೋರಿಸುವ ನಿಮ್ಮ ವೀಕ್ಷಣಾಪಟ್ಟಿಗೆ ಸೇರಿಸಿಕೊಳ್ಳಿ. ಡೋಸ್, ಫೋನ್ ನಂಬರ್, "ಖಂಡಿತ ವಾಸಿ" ಎಂಬ ಮಾತು ಯಾರಾದರೂ ಸೇರಿಸಿದರೆ ಕೂಡಲೇ ತೆಗೆಯಿರಿ. ವರ್ಷಕ್ಕೊಮ್ಮೆಯಾದರೂ ಪೂರ್ತಿ ಓದಿ. ಮಂಗನ ಕಾಯಿಲೆಯ ಪುಟಕ್ಕೆ ನವೆಂಬರ್ ಸರಿಯಾದ ತಿಂಗಳು, ಏಕೆಂದರೆ ಡಿಸೆಂಬರ್‌ನಿಂದ ಕಾಡಂಚಿನ ಊರುಗಳಲ್ಲಿ ಜ್ವರ ಶುರುವಾಗುತ್ತದೆ, ಜನ ಹುಡುಕಲೂ ಶುರು ಮಾಡುತ್ತಾರೆ. ಆಗ ಮೂರು ಸಾಲುಗಳನ್ನು ಮೊದಲು ನೋಡಿ: ಹೊಸ ಲಸಿಕೆಯ ಕೆಲಸ ಎಲ್ಲಿಯವರೆಗೆ ಬಂದಿದೆ, ಇಲಾಖೆ ಯಾವ ಎಣ್ಣೆ ಹಂಚುತ್ತಿದೆ, ರಕ್ತ ಪರೀಕ್ಷೆ ಎಲ್ಲಿ ಆಗುತ್ತದೆ.